ಯಾವುದು ನನ್ನ ಶಿಲುಬೆ? ದಿನಾಲೂ ಹೊರಲು ಕಲಿಯುವವರಿಗೆ ಒಂದು ಮಾರ್ಗದರ್ಶಿ

ನಮ್ಮ ಕ್ರೈಸ್ತ ಸಭೆಗಳಲ್ಲಿ ಒಂದು ಮಾತು ಬಹಳ ಸಲೀಸಾಗಿ ಓಡಾಡುತ್ತದೆ. ಮೊಣಕಾಲು ನೋವಿರುವವರು ‘ಏನು ಮಾಡುವುದು, ಇದೇ ನನ್ನ ಶಿಲುಬೆ’ ಎನ್ನುತ್ತಾರೆ. ಸಾಲದಲ್ಲಿ ಸಿಕ್ಕಿಬಿದ್ದವರೂ ಹಾಗೆಯೇ ಎನ್ನುತ್ತಾರೆ. ಕುಡಿದು ಬಂದ ಗಂಡನಿಂದ ಏಟು ತಿಂದು ಅಳುತ್ತಾ ಬಂದ ಹೆಣ್ಣುಮಗಳಿಗೆ ಹಿರಿಯರು ‘ತಾಳಿಕೊಳ್ಳಮ್ಮಾ, ಅದು ನೀನು ಹೊರಬೇಕಾದ ಶಿಲುಬೆ’ ಎಂದು ಹೇಳಿ ಮನೆಗೆ ಕಳುಹಿಸಿದ್ದನ್ನೂ ನಾನು ಕಣ್ಣಾರೆ ಕಂಡಿದ್ದೇನೆ. ಬದುಕಿನ ಎಲ್ಲ ತಾಪತ್ರಯಗಳಿಗೂ ಒಂದೇ ಹೆಸರು ಅಂಟಿಸಿದ್ದರಿಂದ ಎರಡು ಕೆಡುಕುಗಳಾಗಿವೆ. ಇಳಿಸಬಹುದಾದ ಹೊರೆಯನ್ನು ಇಳಿಸದೆ ಜನ ನರಳುತ್ತಾರೆ. ಎತ್ತಿಕೊಳ್ಳಬೇಕಾದ ಶಿಲುಬೆ ಮಾತ್ರ ಬಿದ್ದಲ್ಲೇ ಬಿದ್ದಿರುತ್ತದೆ.

ಲೂಕನ ಸುವಾರ್ತೆಯ 9ನೇ ಅಧ್ಯಾಯದ 23ನೇ ವಚನವನ್ನು ನಿಧಾನವಾಗಿ ಓದಿ ನೋಡಿ. ನನ್ನ ಹಿಂದೆ ಬರಲು ಮನಸ್ಸಿರುವವನು ತನ್ನನ್ನು ನಿರಾಕರಿಸಲಿ, ದಿನಾಲೂ ತನ್ನ ಶಿಲುಬೆಯನ್ನು ಹೊತ್ತುಕೊಳ್ಳಲಿ, ನನ್ನನ್ನು ಹಿಂಬಾಲಿಸಲಿ ಎಂದು ಕರ್ತನಾದ ಯೇಸು ಹೇಳುತ್ತಾನೆ. ‘ಮನಸ್ಸಿದ್ದರೆ’ ಎಂಬಲ್ಲಿಂದ ಮಾತು ಆರಂಭವಾಗುತ್ತದೆ, ಅಲ್ಲಿ ಬಲವಂತವಿಲ್ಲ. ‘ದಿನಾಲೂ’ ಎಂಬ ಪದ ಮತ್ತಾಯನಲ್ಲಿಯೂ ಮಾರ್ಕನಲ್ಲಿಯೂ ಇಲ್ಲ, ಲೂಕನಲ್ಲಿ ಮಾತ್ರ ಇದೆ. ಇನ್ನು ‘ನಿರಾಕರಿಸು’ ಎಂಬ ಪದ. ಮಹಾಯಾಜಕನ ಅಂಗಳದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತಾ ಪೇತ್ರನು ಯೇಸುವಿನ ವಿಷಯದಲ್ಲಿ ‘ನಾನು ಅವನನ್ನು ಅರಿಯೆ’ ಎಂದನಲ್ಲ, ಅಲ್ಲಿಯೂ ಇದೇ ಪದ ಬರುತ್ತದೆ. ಅಂದು ಪೇತ್ರ ಗುರುವಿಗೆ ಹೇಳಿದ ಆ ಮಾತನ್ನು ನಾವು ನಮ್ಮ ಹಟಕ್ಕೆ ಹೇಳಬೇಕು.

ನಾನು ಬೋಧಕನಲ್ಲ. ಸಭೆಯ ಬೆಂಚಿನ ಮೇಲೆ ಕುಳಿತು ಕೇಳಿದವನು, ಕೇಳಿದ್ದರಲ್ಲಿ ಸ್ವಲ್ಪವನ್ನು ಮಾಡಲು ಹೋಗಿ ತಪ್ಪಿದವನು, ತಪ್ಪಿದ ಮೇಲೆ ಮತ್ತೆ ಮಾಡಿದವನು. ಈಸ್ಟರ್‌ಗೆ ಮುಂಚಿನ ಲೆಂಟ್ ಕಾಲದಲ್ಲಿ ‘ಈ ಸಲ ಏನಾದರೂ ತ್ಯಾಗ ಮಾಡಬೇಕು, ಎಲ್ಲಿಂದ ಶುರು ಮಾಡಲಿ?’ ಎಂದು ಕೇಳುವ ಯುವಜನರಿಗೆ ನಾನು ಹೇಳುವ ಕ್ರಮ ಇದು. ತಪಸ್ಸುಕಾಲ ಎಂದು ಕರೆಯುವ ಕಥೋಲಿಕ ಬಂಧುಗಳಿಗೂ ಇದು ಹೊಂದುತ್ತದೆ.

ಮೊದಲು ವಿಂಗಡಿಸಿ

ಒಂದು ಹಾಳೆ ತೆಗೆದುಕೊಂಡು ಈಗ ನಿಮ್ಮನ್ನು ಬಾಧಿಸುತ್ತಿರುವ ಕಷ್ಟಗಳನ್ನೆಲ್ಲ ಬರೆಯಿರಿ. ಯಾವುದನ್ನೂ ಬಿಡಬೇಡಿ. ಆಮೇಲೆ ಒಂದೊಂದರ ಮುಂದೆಯೂ ಈ ಮೂರರಲ್ಲಿ ಒಂದನ್ನು ಗುರುತು ಹಾಕಿ: ಇಳಿಸಬೇಕಾದದ್ದು, ಕರೆಯದೆ ಬಂದು ಕುಳಿತದ್ದು, ನಾನಾಗಿ ಎತ್ತಿಕೊಂಡದ್ದು.

ಇಳಿಸಬೇಕಾದವುಗಳಲ್ಲಿ ಮೊದಲನೆಯದು ಹಿಂಸೆ. ಮನೆಯಲ್ಲಿ ಹೊಡೆತ ತಿನ್ನುವುದು ಶಿಲುಬೆಯಲ್ಲ. ಅಲ್ಲಿ ಹೆಂಡತಿ ಯಾರ ಸಲುವಾಗಿಯೂ ಏನನ್ನೂ ಅರ್ಪಿಸುತ್ತಿಲ್ಲ. ಗಂಡ ಪಾಪ ಮಾಡುತ್ತಿದ್ದಾನೆ, ಸುತ್ತಲಿನವರು ಅದಕ್ಕೆ ಸುವಾರ್ತೆಯ ಹೊದಿಕೆ ಹೊದಿಸುತ್ತಿದ್ದಾರೆ, ಅಷ್ಟೇ. ‘ಒಂದು ಊರಿನಲ್ಲಿ ಹಿಂಸಿಸಿದರೆ ಇನ್ನೊಂದು ಊರಿಗೆ ಓಡಿಹೋಗಿರಿ’ ಎಂದು ಶಿಷ್ಯರಿಗೆ ಹೇಳಿದವನು ಯೇಸುವೇ. ದಮಸ್ಕದಲ್ಲಿ ಕೊಲ್ಲಲು ಕಾಯುತ್ತಿದ್ದವರಿಂದ ತಪ್ಪಿಸಲು ಸೌಲನನ್ನು, ಅಂದರೆ ಮುಂದೆ ಪೌಲನೆನಿಸಿಕೊಂಡವನನ್ನು, ರಾತ್ರಿ ಹೊತ್ತು ಬುಟ್ಟಿಯಲ್ಲಿ ಕೂರಿಸಿ ಗೋಡೆಯಿಂದ ಇಳಿಸಿದರು. ಮುಂದೆ ಅವನೇ, ಚಾವಟಿಯಿಂದ ಹೊಡೆಯಲು ಕಟ್ಟಿದಾಗ, ‘ರೋಮಾಪುರದ ಪ್ರಜೆಯನ್ನು ವಿಚಾರಣೆಯಿಲ್ಲದೆ ಹೊಡೆಯುವುದು ನ್ಯಾಯವೋ?’ ಎಂದು ಕೇಳಿ ತಪ್ಪಿಸಿಕೊಂಡನು. ನೋವು ತಿನ್ನುವುದೇ ಭಕ್ತಿಯಾಗಿದ್ದರೆ ಪೌಲನು ಬಾಯಿ ಮುಚ್ಚಿಕೊಂಡಿರುತ್ತಿದ್ದನು. ಆದುದರಿಂದ ಅಂಥ ಮನೆಯಲ್ಲಿರುವ ಸಹೋದರಿಯರು ಮಹಿಳಾ ಸಹಾಯವಾಣಿ 181ಕ್ಕೆ, ತುರ್ತಾದರೆ 112ಕ್ಕೆ ಕರೆ ಮಾಡಬೇಕು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಅವರ ರಕ್ಷಣೆಗೆಂದೇ ಇದೆ. ಸಭೆಯ ಹಿರಿಯರು ಅವರ ಜೊತೆ ಠಾಣೆಗೆ ಹೋಗಿ ನಿಲ್ಲಬೇಕು. ಹಿರಿಯರು ಹೊರಬೇಕಾದ ಶಿಲುಬೆ ಅದು.

ಔಷಧಿಯಿಂದ ಗುಣವಾಗುವ ಕಾಯಿಲೆ, ದುಂದುವೆಚ್ಚದಿಂದ ಆದ ಸಾಲ, ನಮ್ಮದೇ ತಪ್ಪಿಗೆ ಬಂದ ಶಿಕ್ಷೆ ಇವೆಲ್ಲವೂ ಇಳಿಸಬೇಕಾದ ಸಾಲಿಗೇ ಸೇರುತ್ತವೆ. ಕೊಲೆಗಾರ, ಕಳ್ಳ, ಪರರ ಕಾರ್ಯದಲ್ಲಿ ತಲೆಹಾಕುವವನು ಎನ್ನಿಸಿಕೊಂಡು ಶ್ರಮೆಪಡಬೇಡಿರಿ ಎಂದು ಪೇತ್ರನು ತನ್ನ ಮೊದಲ ಪತ್ರಿಕೆಯಲ್ಲಿ ಬರೆದದ್ದು ಇದನ್ನೇ.

ಎರಡನೆಯ ಗುಂಪಿನ ಬಗ್ಗೆ ಸ್ವಲ್ಪ ತಡೆದು ಯೋಚಿಸಬೇಕು. ಹುಟ್ಟಿದ ಮಗುವಿಗೆ ಬುದ್ಧಿ ಬೆಳವಣಿಗೆ ಕುಂಠಿತವಾಗಿರುತ್ತದೆ. ಐವತ್ತು ದಾಟುವುದರೊಳಗೆ ಗಂಡನಿಗೆ ಪಾರ್ಶ್ವವಾಯು ಹೊಡೆಯುತ್ತದೆ. ಯಾರೂ ಇದನ್ನು ಬಯಸಲಿಲ್ಲ, ಆರಿಸಿಕೊಳ್ಳಲಿಲ್ಲ. ಇಲ್ಲಿ ನನಗೆ ನೆನಪಾಗುವವನು ಕುರೇನೆಯ ಸೀಮೋನ. ಹಳ್ಳಿಯಿಂದ ಊರಿಗೆ ಬರುತ್ತಿದ್ದ ದಾರಿಹೋಕ. ಸಿಪಾಯಿಗಳು ಅವನನ್ನು ಹಿಡಿದು ಯೇಸುವಿನ ಶಿಲುಬೆಯನ್ನು ಬಲವಂತವಾಗಿ ಹೊರಿಸಿದರು. ಅವನಿಗೆ ಮನಸ್ಸಿತ್ತೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಆದರೆ ಮಾರ್ಕನು ಅವನನ್ನು ‘ಅಲೆಕ್ಸಾಂದ್ರನಿಗೂ ರೂಫನಿಗೂ ತಂದೆ’ ಎಂದು ಪರಿಚಯಿಸುತ್ತಾನೆ. ಓದುವವರಿಗೆ ಆ ಮಕ್ಕಳ ಗುರುತಿದ್ದಿರಬೇಕು. ಇಲ್ಲದಿದ್ದರೆ ಆ ಹೆಸರುಗಳನ್ನು ಹೇಳುವ ಅಗತ್ಯವೇ ಇರಲಿಲ್ಲ. ಬಲವಂತದಿಂದ ಹೆಗಲೇರಿದ ಮರ ಆ ಮನೆಗೆ ವಿಶ್ವಾಸವನ್ನು ತಂದಿತು ಎಂದು ನಾನು ಓದಿಕೊಳ್ಳುತ್ತೇನೆ.

ಇಂಥ ಕಷ್ಟಕ್ಕೆ ಕೆಲವರು ಒಗ್ಗಿಕೊಳ್ಳುತ್ತಾರೆ, ಕೆಲವರು ಒಪ್ಪಿಕೊಳ್ಳುತ್ತಾರೆ. ಒಗ್ಗಿಕೊಂಡವನ ಕೈ ಕೆಲಸ ಮಾಡುತ್ತದೆ, ಮನಸ್ಸು ಕಲ್ಲಾಗಿರುತ್ತದೆ. ಒಪ್ಪಿಕೊಂಡವನು ಬೆಳಿಗ್ಗೆ ಎದ್ದು, ‘ಕರ್ತನೇ, ಇದನ್ನು ನಾನು ಕೇಳಿರಲಿಲ್ಲ. ಆದರೆ ಈ ಹೊತ್ತು ಇದನ್ನು ನಿನಗಾಗಿ ಮಾಡುತ್ತೇನೆ’ ಎಂದು ಬಾಯಿಬಿಟ್ಟು ಹೇಳುತ್ತಾನೆ. ಮಾಡುವ ಕೆಲಸ ಇಬ್ಬರದೂ ಒಂದೇ. ಈ ಚಿಕ್ಕ ಪ್ರಾರ್ಥನೆಯನ್ನು ಹಾಸಿಗೆಯಿಂದ ಏಳುವ ಮೊದಲೇ ಮಾಡಿಬಿಡಿ. ಕೆಲಸ ಮೈಮೇಲೆ ಬಿದ್ದ ಮೇಲೆ ನೆನಪಾಗುವುದಿಲ್ಲ.

ಮೂರನೆಯ ಗುಂಪು ಬಹುಪಾಲು ಜನರ ಹಾಳೆಯಲ್ಲಿ ಖಾಲಿಯಾಗಿರುತ್ತದೆ. ಮುಂದಿನ ಹೆಜ್ಜೆಗಳೆಲ್ಲ ಅದನ್ನು ತುಂಬುವುದಕ್ಕಾಗಿ. ಅಲ್ಲಿ ಬರೆಯುವ ಪ್ರತಿಯೊಂದಕ್ಕೂ ಒಂದು ಪರೀಕ್ಷೆಯಿದೆ: ಇದರ ಆ ತುದಿಯಲ್ಲಿ ಒಬ್ಬ ಮನುಷ್ಯ ಇದ್ದಾನೆಯೇ? ನಾನು ಬಿಟ್ಟದ್ದು ಯಾರ ಕೈ ಸೇರುತ್ತದೆ, ಯಾರ ನೋವು ಕಡಿಮೆಯಾಗುತ್ತದೆ? ಉತ್ತರವಿಲ್ಲದಿದ್ದರೆ ಅದು ದೇಹದಂಡನೆ ಮಾತ್ರ. ಪ್ರೀತಿ ಇಲ್ಲದವನಾಗಿ ದೇಹವನ್ನೇ ಒಪ್ಪಿಸಿದರೂ ಪ್ರಯೋಜನವಿಲ್ಲ ಎಂದು ಕೊರಿಂಥದವರಿಗೆ ಪೌಲನು ಬರೆದಿದ್ದಾನೆ.

ಲೆಕ್ಕ ಹಾಕಿ, ಮನೆಯವರನ್ನು ಕೇಳಿ

ಬುರುಜು ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಮಾಡುವುದಿಲ್ಲವೇ ಎಂದು ಯೇಸು ಕೇಳಿದನು. ಇಪ್ಪತ್ತು ಸಾವಿರ ದಂಡಿನ ಎದುರು ಹತ್ತು ಸಾವಿರ ಕಟ್ಟಿಕೊಂಡು ಹೋಗುವ ಅರಸನೂ ಕುಳಿತು ಆಲೋಚಿಸಬೇಕು ಎಂದನು. ಶಿಷ್ಯನಾಗಲು ಸರ್ವಸ್ವವನ್ನೂ ಬಿಡಬೇಕು ಎಂದ ಉಸಿರಿನಲ್ಲಿಯೇ ಲೆಕ್ಕ ಹಾಕು ಎಂದೂ ಹೇಳಿದನು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ನಮ್ಮ ಗಾದೆ ಜಿಪುಣತನದ ಮಾತಲ್ಲ. ಹೊತ್ತದ್ದನ್ನು ನಡುದಾರಿಯಲ್ಲಿ ಎಸೆಯಬಾರದು ಎನ್ನುವ ಎಚ್ಚರದ ಮಾತು.

ಹಾಳೆಯ ಹಿಂಬದಿಯಲ್ಲಿ ಮೂರು ವಿಷಯ ಬರೆಯಿರಿ. ವಾರದಲ್ಲಿ ನನ್ನ ಸ್ವಂತವೆನ್ನಬಹುದಾದ ಗಂಟೆಗಳೆಷ್ಟು? ಬಾಡಿಗೆ, ಶಾಲೆಯ ಶುಲ್ಕ, ಔಷಧಿ, ಸಾಲದ ಕಂತು ಕಳೆದ ಮೇಲೆ ಕೈಯಲ್ಲಿ ಉಳಿಯುವ ಹಣವೆಷ್ಟು? ನನ್ನ ಮೈಗೆ ಎಷ್ಟು ತಾಕತ್ತಿದೆ? ನೀವು ಎತ್ತಿಕೊಳ್ಳುವುದು ಈ ಮೂರರೊಳಗಿನಿಂದಲೇ ಬರಬೇಕು. ಇಲ್ಲದ್ದಕ್ಕೆ ಅನುಸಾರವಾಗಿ ಅಲ್ಲ, ಇದ್ದದ್ದಕ್ಕೆ ಅನುಸಾರವಾಗಿ ಕೊಟ್ಟರೆ ಅದು ಮೆಚ್ಚಿಕೆಯಾಗುತ್ತದೆ ಎಂದು ಎರಡನೆಯ ಕೊರಿಂಥ ಪತ್ರಿಕೆಯ 8ನೇ ಅಧ್ಯಾಯ ಹೇಳುತ್ತದೆ.

ನಂತರ ಮನೆಯವರನ್ನು ಕೂರಿಸಿ ಕೇಳಿ. ನನಗೆ ಬಹಳ ನೋವು ಕೊಟ್ಟ ಪಾಠ ಇದು. ಒಂದು ವರ್ಷ ಕಟ್ಟಡದ ನಿಧಿಗೆಂದು ನಾನು ಸಭೆಯ ನಡುವೆ ಎದ್ದು ನಿಂತು ದೊಡ್ಡ ಮೊತ್ತವನ್ನು ವಾಗ್ದಾನ ಮಾಡಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ವರ್ಷ ನನ್ನ ತಾಯಿಯ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಎಂಟು ತಿಂಗಳು ಮುಂದೆ ಹೋಯಿತು. ಅವರು ಒಂದು ಮಾತೂ ಆಡಲಿಲ್ಲ. ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುತ್ತಿದ್ದರು. ತ್ಯಾಗ ಮಾಡಿದವನೆಂದು ಹೆಸರು ನನ್ನದು, ತ್ಯಾಗ ಮಾಡಿದವರು ಅವರು. ತಂದೆತಾಯಿಗೆ ಸಲ್ಲಬೇಕಾದದ್ದನ್ನು ‘ಕೊರ್ಬಾನ್’, ಅಂದರೆ ದೇವರಿಗೆ ಇಟ್ಟದ್ದು, ಎಂದು ಹೇಳಿ ಕೈ ತೊಳೆದುಕೊಳ್ಳುವವರನ್ನು ಮಾರ್ಕ 7ನೇ ಅಧ್ಯಾಯದಲ್ಲಿ ಯೇಸು ಖಂಡಿಸಿದ್ದನ್ನು ನಾನು ಎಷ್ಟೋ ಸಲ ಓದಿದ್ದೆ. ನನ್ನ ಬಗ್ಗೆ ಹೇಳಿದ ಮಾತೆಂದು ಅಲ್ಲಿಯವರೆಗೆ ತಿಳಿದಿರಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಆದುದರಿಂದ ನಿಯಮ ಇಷ್ಟು: ಖರ್ಚು ನನ್ನ ತಟ್ಟೆಯಿಂದ ಹೋಗಬೇಕು, ಇನ್ನೊಬ್ಬರ ತಟ್ಟೆಯಿಂದಲ್ಲ. ಮನೆಯವರೂ ಸೇರುವುದಾದರೆ ಅವರು ಬಾಯಿ ತುಂಬ ಒಪ್ಪಿ ಸೇರಲಿ. ಮಕ್ಕಳನ್ನಂತೂ ಯಾವ ವ್ರತಕ್ಕೂ ಎಳೆಯಬೇಡಿ. ಅವರು ನೋಡಿ ಕಲಿಯಲಿ.

ಅಕ್ಕಿಯ ಡಬ್ಬಿಯಿಂದ ಆರಂಭಿಸಿ

ದೊಡ್ಡದನ್ನು ಹೊರುವ ಮೊದಲು ಸಣ್ಣದನ್ನು ಬಿಡದೆ ಹೊರುವ ಅಭ್ಯಾಸವಾಗಬೇಕು. ಇದಕ್ಕೆ ನನಗೆ ಗೊತ್ತಿರುವ ಅತಿ ಒಳ್ಳೆಯ ದಾರಿ ಮಿಜೋರಾಮಿನದು. 1894ರಲ್ಲಿ ಮೊದಲ ಮಿಷನರಿಗಳು ಆ ಬೆಟ್ಟಗಳಿಗೆ ಬಂದರು. 1910ರಲ್ಲಿ, ಇನ್ನೂ ಕೈಯಲ್ಲಿ ಕಾಸಿಲ್ಲದ ಕಾಲದಲ್ಲಿ, ಅಲ್ಲಿನ ಪ್ರೆಸ್ಬಿಟೇರಿಯನ್ ಸಭೆಯ ಹೆಂಗಸರು ಪ್ರತಿ ಸಲ ಅಡುಗೆ ಮಾಡುವಾಗ ಒಂದು ಹಿಡಿ ಅಕ್ಕಿಯನ್ನು ದೇವರ ಕೆಲಸಕ್ಕೆಂದು ಬೇರೆ ಡಬ್ಬಿಯಲ್ಲಿ ಎತ್ತಿಡಲು ಆರಂಭಿಸಿದರು. ಕೂಡಿದ ಅಕ್ಕಿಯನ್ನು ಮಾರಿ ಸಭೆಯ ಸೇವೆಗೆ ಹಣ ಹೊಂದಿಸಿದರು. ‘ಬುಹ್‌ಫಾಯ್ ಥಾಮ್’ ಎಂದು ಕರೆಯುವ ಆ ಪದ್ಧತಿ ಇಂದಿಗೂ ನಡೆಯುತ್ತಿದೆ, ಆ ಸಭೆಯ ಮಿಷನ್ ಕೆಲಸಕ್ಕೆ ದೊಡ್ಡ ಆಧಾರವಾಗಿದೆ. ವರ್ಷಕ್ಕೊಮ್ಮೆ ಸುಗ್ಗಿ ಹಬ್ಬದಲ್ಲಿ ಬಾಳೆಗೊನೆ, ತೆಂಗಿನಕಾಯಿ ತಂದು ಹರಾಜು ಕೂಗುವುದು ನಮ್ಮಲ್ಲಿಯೂ ಇದೆ. ಅದು ಸಂತೋಷದ ಹಬ್ಬ, ನಡೆಯಲಿ. ಆದರೆ ‘ದಿನಾಲೂ’ ಎಂಬ ಪದಕ್ಕೆ ಹತ್ತಿರವಾದದ್ದು ಆ ಹಿಡಿ ಅಕ್ಕಿ.

ಮಾಡುವ ವಿಧಾನ ಹೀಗೆ. ಅಕ್ಕಿಯ ಡಬ್ಬಿಯ ಪಕ್ಕದಲ್ಲಿ ಮುಚ್ಚಳವಿರುವ ಇನ್ನೊಂದು ಡಬ್ಬಿ ಇಡಿ. ಪಾವಿನಲ್ಲಿಯೋ ಲೋಟದಲ್ಲಿಯೋ ಆ ಹೊತ್ತಿನ ಅಡುಗೆಗೆ ಬೇಕಾದಷ್ಟನ್ನು ಮೊದಲು ಅಳೆಯಿರಿ. ಅಳೆದದ್ದರಿಂದಲೇ ಒಂದು ಹಿಡಿ ತೆಗೆದು ಆ ಡಬ್ಬಿಗೆ ಹಾಕಿ. ಮೂಟೆಯಿಂದ ಹೆಚ್ಚುವರಿಯಾಗಿ ತೆಗೆದರೆ ಅದು ದಾನವಾಗುತ್ತದೆ, ಒಳ್ಳೆಯದೇ. ಆದರೆ ಅಳೆದದ್ದರಿಂದ ತೆಗೆದಾಗ ಊಟದಲ್ಲಿ ಎರಡು ತುತ್ತು ಕಡಿಮೆಯಾಗುತ್ತದೆ, ಆ ಕೊರತೆ ಹೊಟ್ಟೆಗೆ ತಿಳಿಯುತ್ತದೆ. ಆ ತುತ್ತು ನಿಮ್ಮದಾಗಿರಲಿ, ಬಡಿಸುವಾಗ ಕೊನೆಗೆ ಉಣ್ಣುವ ಹೆಣ್ಣುಮಗಳದ್ದಲ್ಲ. ಒಂದು ಹಿಡಿ ಸುಮಾರು 40ರಿಂದ 50 ಗ್ರಾಂ ತೂಗುತ್ತದೆ. ದಿನಕ್ಕೆರಡು ಸಲವಾದರೆ ತಿಂಗಳಿಗೆ ಎರಡೂವರೆಯಿಂದ ಮೂರು ಕಿಲೋ. ರೊಟ್ಟಿ ಉಣ್ಣುವ ಮನೆಯಲ್ಲಿ ಜೋಳದ ಹಿಟ್ಟು ತೆಗೆದಿಡಬಹುದು.

ಕೊಡುವಾಗ ಒಂದು ಮಾತು ನೆನಪಿರಲಿ. ಅರೌನನೆಂಬವನು ತನ್ನ ಕಣವನ್ನೂ ಎತ್ತುಗಳನ್ನೂ ಯಜ್ಞಕ್ಕೆಂದು ಪುಕ್ಕಟೆ ಕೊಡುತ್ತೇನೆಂದಾಗ ಅರಸನಾದ ದಾವೀದನು ಒಪ್ಪಲಿಲ್ಲ. ಏನೂ ವೆಚ್ಚವಾಗದ ಯಜ್ಞವನ್ನು ನನ್ನ ದೇವರಿಗೆ ಅರ್ಪಿಸಲಾರೆ ಎಂದು ಐವತ್ತು ಶೆಕೆಲ್ ಬೆಳ್ಳಿ ಕೊಟ್ಟೇ ಕೊಂಡನು. ಹುಳು ಬಿದ್ದ ಅಕ್ಕಿ, ಗುಂಡಿ ಉದುರಿದ ಅಂಗಿ, ಅವಧಿ ಮುಗಿಯಲು ಬಂದ ಬಿಸ್ಕತ್ತು, ಇವನ್ನು ಬಡವರ ಮನೆಗೆ ಸಾಗಿಸಿ ತ್ಯಾಗವೆಂದು ಬರೆದುಕೊಳ್ಳಬೇಡಿ.

ಉಪವಾಸ

‘ನೀವು ಉಪವಾಸ ಮಾಡುವಾಗ’ ಎಂದು ಯೇಸು ಹೇಳಿದನು, ‘ಮಾಡಿದರೆ’ ಎನ್ನಲಿಲ್ಲ. ಆದರೂ ಎಲ್ಲರೂ ಒಂದೇ ಅಳತೆಯಲ್ಲಿ ಮಾಡಬೇಕಾಗಿಲ್ಲ. ಕಥೋಲಿಕ ಸಭೆಯ ಕ್ರಮ ಈ ವಿಷಯದಲ್ಲಿ ಬಹಳ ವಿವೇಕವುಳ್ಳದ್ದು: ಬೂದಿ ಬುಧವಾರ ಮತ್ತು ಶುಭ ಶುಕ್ರವಾರ, ಈ ಎರಡು ದಿನ, 18 ತುಂಬಿದವರಿಂದ 59ರ ವಯಸ್ಸಿನವರೆಗೆ ಒಂದು ಪೂರ್ಣ ಊಟ ಮತ್ತು ಅದಕ್ಕಿಂತ ಕಡಿಮೆಯ ಎರಡು ಅಲ್ಪಾಹಾರ, ಮಾಂಸ ಬಿಡುವುದು 14 ತುಂಬಿದವರಿಗೆ. ಮೊದಲ ಸಲ ಮಾಡುವವರು ವಾರಕ್ಕೊಂದು ಹೊತ್ತಿನ ಊಟ ಬಿಟ್ಟು ನೋಡಲಿ. ನೀರು ಧಾರಾಳವಾಗಿ ಕುಡಿಯಲಿ. ಉಪವಾಸ ಬಿಡುವಾಗ ಎಣ್ಣೆಯ ತಿಂಡಿಗೆ ಕೈಹಾಕದೆ ಗಂಜಿಯಿಂದ ಬಿಡಲಿ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ರೋಗಿಗಳು ಊಟ ಬಿಡಬಾರದು; ಮೊಬೈಲ್, ಟಿವಿ, ಚಹಾ ಇವುಗಳಲ್ಲಿ ಒಂದನ್ನು ಬಿಡಲಿ.

ಬಿಟ್ಟ ಊಟದ ಬೆಲೆಯನ್ನು ಆ ದಿನವೇ ತೆಗೆದಿಟ್ಟು ಹಸಿದವರಿಗೆ ತಲುಪಿಸಿ. ಯೆಶಾಯ 58ನೇ ಅಧ್ಯಾಯದ ಪ್ರಕಾರ ದೇವರು ಕೇಳುವ ಉಪವಾಸವೇ ಅದು: ಹಸಿದವನಿಗೆ ಅನ್ನ ಹಂಚುವುದು, ಅನ್ಯಾಯದ ಕಟ್ಟು ಬಿಚ್ಚುವುದು. ಅದೇ ಅಧ್ಯಾಯ ಇನ್ನೊಂದು ಮಾತು ಹೇಳುತ್ತದೆ: ಉಪವಾಸದ ದಿನ ನೀವು ನಿಮ್ಮ ಆಳುಗಳಿಂದ ಬಿಗಿಯಾಗಿ ಕೆಲಸ ಮಾಡಿಸುತ್ತೀರಿ, ಜಗಳವಾಡುತ್ತೀರಿ. ಹೊಟ್ಟೆ ಹಸಿದಾಗ ನಾಲಿಗೆ ಹರಿತವಾಗುತ್ತದೆ. ಸಂಜೆ ನಾಲ್ಕರ ಹೊತ್ತಿಗೆ ಮನೆಯವರ ಮೇಲೆ ಸಿಡುಕಿದಿರಾದರೆ ಕ್ಷಮೆ ಕೇಳಿ, ಒಂದು ಲೋಟ ಹಾಲು ಕುಡಿದು ಉಪವಾಸ ಮುಗಿಸಿ. ಅದರಲ್ಲಿ ಅವಮಾನವೇನಿಲ್ಲ. ಮುಖ ತೊಳೆದುಕೊಂಡು, ತಲೆ ಬಾಚಿಕೊಂಡು ಹೊರಗೆ ಹೋಗಿ, ಯಾರಿಗೂ ಹೇಳಬೇಡಿ.

ಒಬ್ಬರ ಹಾಸಿಗೆಯ ಪಕ್ಕ

ಅಕ್ಕಿ, ಹಣ, ಊಟ ಇವನ್ನು ಕೊಡುವುದು ಸುಲಭ ಎಂದು ನನಗೆ ತಿಳಿದದ್ದು ನಿದ್ದೆ ಕೊಡಬೇಕಾಗಿ ಬಂದಾಗ. ನಮ್ಮ ಸಭೆಯಲ್ಲಿ ನಿವೃತ್ತ ಶಾಲಾ ಶಿಕ್ಷಕರೊಬ್ಬರಿದ್ದರು; ಎಲ್ಲರಿಗೂ ಅವರು ‘ಮಾಸ್ತರರು’. ಪಾರ್ಶ್ವವಾಯುವಾಗಿ ಬಲಭಾಗ ಬಿದ್ದುಹೋಯಿತು. ಎಪ್ಪತ್ತು ದಾಟಿದ ಹೆಂಡತಿ ಒಬ್ಬರೇ, ಮಕ್ಕಳು ದೂರದ ಊರುಗಳಲ್ಲಿ. ಮೊದಲ ತಿಂಗಳು ಸಭೆಯವರೆಲ್ಲ ಹಣ್ಣು ಹಿಡಿದು ಹೋಗಿ ಪ್ರಾರ್ಥನೆ ಮಾಡಿ ಬಂದೆವು. ಎರಡನೆಯ ತಿಂಗಳು ಆ ತಾಯಿ ‘ಹಣ್ಣು ಬೇಡಪ್ಪಾ, ನನಗೆ ಒಂದು ರಾತ್ರಿ ನಿದ್ದೆ ಬೇಕು’ ಎಂದರು. ಆ ಮಾತು ನನ್ನನ್ನು ಹಿಡಿಯಿತು. ಮಂಗಳವಾರ ಮತ್ತು ಶುಕ್ರವಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಐದರವರೆಗೆ ನಾನು ಹೋಗುವುದೆಂದು ಆಯಿತು. ಅದು ಹದಿನಾಲ್ಕು ತಿಂಗಳು ನಡೆಯಿತು.

ಇಂಥ ಸೇವೆಗೆ ಇಳಿಯುವವರಿಗೆ ಕೆಲವು ಸಂಗತಿಗಳು. ದಿನ, ಗಂಟೆ ಖಚಿತ ಮಾಡಿಕೊಳ್ಳಿ; ‘ಬೇಕಾದಾಗ ಕರೆಯಿರಿ’ ಎಂದರೆ ಯಾರೂ ಕರೆಯುವುದಿಲ್ಲ. ಹೋಗುವ ಮೊದಲು ದಾದಿಯರಿಂದ ಕೆಲಸ ಕಲಿಯಿರಿ. ಮಲಗಿದಲ್ಲೇ ಇರುವ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಸೊಂಟ, ಹಿಮ್ಮಡಿ, ಬೆನ್ನಿನ ಬುಡದಲ್ಲಿ ಹಾಸಿಗೆ ಹುಣ್ಣಾಗುತ್ತದೆ. ಹಾಸಿದ ಬಟ್ಟೆಯಲ್ಲಿ ಸುಕ್ಕು ಇರಬಾರದು. ಒತ್ತಿದರೂ ಬಣ್ಣ ಬದಲಾಗದ ಕೆಂಪು ಅಥವಾ ಕಪ್ಪು ಕಲೆ ಕಂಡರೆ ಅದನ್ನು ತಿಕ್ಕಬೇಡಿ, ಆ ಮಗ್ಗುಲಿಗೆ ಮಲಗಿಸಬೇಡಿ, ಬೆಳಿಗ್ಗೆಯೇ ದಾದಿಗೆ ತಿಳಿಸಿ. ನೀರು, ಗಂಜಿ ಕುಡಿಸುವಾಗ ಬೆನ್ನು ಎತ್ತರಿಸಿ ಕೂರಿಸಿ, ಕುಡಿಸಿದ ಮೇಲೂ ಅರ್ಧ ಗಂಟೆ ಹಾಗೆಯೇ ಇರಲಿ. ನಿಮ್ಮ ಊಟ, ಚಹಾ ನೀವೇ ಒಯ್ಯಿರಿ. ಆ ಮನೆಯ ಒಲೆಗೆ ಹೊರೆಯಾಗಬೇಡಿ. ಒಬ್ಬರೇ ಹೊರಬೇಡಿ. ನಾವು ನಾಲ್ವರು ಸರದಿ ಹಾಕಿಕೊಂಡೆವು; ಇಲ್ಲದಿದ್ದರೆ ನಾನು ಮೂರು ವಾರದಲ್ಲಿ ಬಿಟ್ಟುಬಿಡುತ್ತಿದ್ದೆ.

ಸರದಿ ಎಂದಾಗ ಫಾದರ್ ದಮಿಯಾನರು ನೆನಪಾಗುತ್ತಾರೆ. ಹವಾಯಿಯ ಮೊಲೊಕಾಯ್ ದ್ವೀಪದ ಕಲಾವುಪಾಪಾಕ್ಕೆ ಸರ್ಕಾರ ಕುಷ್ಠರೋಗಿಗಳನ್ನು ಸಾಗಿಸಿ ಬಿಡುತ್ತಿದ್ದ ಕಾಲ ಅದು. ಅಲ್ಲಿಗೆ ಸರದಿಯ ಮೇಲೆ ಹೋಗಲು ನಾಲ್ವರು ಗುರುಗಳು ತಾವಾಗಿ ಮುಂದೆ ಬಂದರು. ಬೆಲ್ಜಿಯಂನ ದಮಿಯಾನರ ಸರದಿ ಮೊದಲನೆಯದು. 1873ರ ಮೇ 10ರಂದು ಇಳಿದಾಗ ಅವರಿಗೆ 33 ವರ್ಷ. ಅವರು ಮರಳಲಿಲ್ಲ, ಅಲ್ಲಿಯೇ ಇರಲು ಅನುಮತಿ ಕೇಳಿದರು. ಹುಣ್ಣು ತೊಳೆದರು, ಮನೆ ಕಟ್ಟಿದರು, ಶವಪೆಟ್ಟಿಗೆ ಮಾಡಿದರು, ಗುಂಡಿ ತೋಡಿದರು. ಕೊನೆಗೆ ಅದೇ ರೋಗ ಅವರಿಗೂ ಬಂತು. 1889ರಲ್ಲಿ, 49ರ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡರು. 2009ರಲ್ಲಿ ಕಥೋಲಿಕ ಸಭೆ ಅವರನ್ನು ಸಂತರೆಂದು ಘೋಷಿಸಿತು. ಅವರ ಜೀವನ ಓದಿ ‘ನಾನೂ ಹಾಗೆ’ ಎಂದು ಒಂದೇ ರಾತ್ರಿಯಲ್ಲಿ ನಿರ್ಧರಿಸಬೇಡಿ. ಅವರೂ ಮೊದಲು ಒಂದು ಸರದಿಗೆ ಒಪ್ಪಿದರು ಎಂಬುದನ್ನು ಮಾತ್ರ ಗಮನಿಸಿ.

ಮಾಸ್ತರರ ವಿಷಯಕ್ಕೆ ಬರುತ್ತೇನೆ. ಮೊದಲ ರಾತ್ರಿ ಅವರ ಬಟ್ಟೆ ಬದಲಿಸಿ ಒರೆಸುವಾಗ ಅವರು ಮುಖ ಗೋಡೆಗೆ ತಿರುಗಿಸಿ ಅತ್ತರು. ನನ್ನ ಇಬ್ಬರು ಮಕ್ಕಳಿಗೆ ಗಣಿತ ಕಲಿಸಿದವರು, ಇಸ್ತ್ರಿ ಮಾಡಿದ ಅಂಗಿಯಿಲ್ಲದೆ ಹೊರಗೆ ಬಾರದವರು. ನಾನು ತ್ಯಾಗ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ನನಗಿಂತ ದೊಡ್ಡದನ್ನು ಅವರು ಬಿಡುತ್ತಿದ್ದರು. ನಾನು ಬಿಟ್ಟದ್ದು ನಿದ್ದೆ, ಅವರು ಬಿಟ್ಟದ್ದು ಮಾನ. ಯೇಸು ಪಾದ ತೊಳೆಯಲು ಬಂದಾಗ ಪೇತ್ರನು ‘ನೀನು ನನ್ನ ಪಾದಗಳನ್ನು ಎಂದಿಗೂ ತೊಳೆಯಬಾರದು’ ಎಂದು ಕಾಲು ಹಿಂದೆಗೆದುಕೊಂಡದ್ದು ಅಂದು ನನಗೆ ಅರ್ಥವಾಯಿತು. ತೊಳೆಸಿಕೊಳ್ಳುವುದು ತೊಳೆಯುವುದಕ್ಕಿಂತ ಕಷ್ಟ. ಅಂದಿನಿಂದ ಪ್ರತಿ ಕೆಲಸಕ್ಕೂ ಮೊದಲು ‘ಮಾಸ್ತರೇ, ಮಾಡಲೇ?’ ಎಂದು ಕೇಳಿ, ಅವರು ತಲೆಯಾಡಿಸಿದ ಮೇಲೆ ಮಾಡುತ್ತಿದ್ದೆ. ನೀವೂ ಕೇಳಿ. ಯಾರ ಸೇವೆ ಮಾಡುತ್ತೀರೋ ಅವರ ಫೋಟೊ ತೆಗೆಯಬೇಡಿ. ಅವರ ಹೆಸರು ಹೇಳಿ ಸಾಕ್ಷಿ ಕೊಡಬೇಡಿ.

ದುಡಿಯುವ ಜಾಗದಲ್ಲಿ

ಇಲ್ಲಿ ಹೇಳುವುದು ಕಡಿಮೆ, ಮಾಡುವುದು ಕಠಿಣ. ಸುಳ್ಳು ಬಿಲ್ಲಿಗೆ ಸಹಿ ಹಾಕದಿರುವುದು, ತೂಕದಲ್ಲಿ ಮೋಸ ಮಾಡದಿರುವುದು, ಲಂಚ ಮುಟ್ಟದಿರುವುದು. ಇದರಿಂದ ಬಡ್ತಿ ತಪ್ಪಬಹುದು, ಗಿರಾಕಿ ಕಡಿಮೆಯಾಗಬಹುದು. ಆ ನಷ್ಟವನ್ನು ಮೊದಲೇ ಲೆಕ್ಕದ ಹಾಳೆಯಲ್ಲಿ ಬರೆದಿಡಿ, ಬಂದಾಗ ಗಾಬರಿಯಾಗುವುದಿಲ್ಲ. ಹಿಂದೆ ಯಾರಿಂದಲಾದರೂ ಅನ್ಯಾಯವಾಗಿ ತೆಗೆದುಕೊಂಡದ್ದಿದ್ದರೆ ಹಿಂತಿರುಗಿಸಿ. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನು ನಾಲ್ಕರಷ್ಟು ಕೊಡುತ್ತೇನೆಂದನು. ನೀವು ಮೊದಲು ತೆಗೆದುಕೊಂಡಷ್ಟನ್ನಾದರೂ ಕೊಡಿ.

ಕ್ರಿಸ್ತನ ಹೆಸರಿನ ನಿಮಿತ್ತ ಬರುವ ಅವಮಾನ

ನಂಬಿಕೆಯ ಕಾರಣಕ್ಕೆ ನೆಂಟರು ದೂರವಾಗುವುದು, ಬಾಡಿಗೆ ಮನೆ ಸಿಗದಿರುವುದು, ಬೈಗುಳ ಕೇಳುವುದು ಇಂದಿಗೂ ಇದೆ. ನಮ್ಮ ನೆಲದಲ್ಲಿ ಇದನ್ನು ಹಿಂದೆಯೇ ಅನುಭವಿಸಿದವರಲ್ಲಿ ಆನಂದರಾವ್ ಕೌಂಡಿನ್ಯರು ಒಬ್ಬರು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಹತ್ತು ವರ್ಷದ ಮೇಲೆ, 1844ರಲ್ಲಿ, ಬ್ರಾಹ್ಮಣ ಮನೆತನದ ಈ ತರುಣ ದೀಕ್ಷಾಸ್ನಾನ ಪಡೆದರು. ಬಂಧುಬಳಗ ಕೈಬಿಟ್ಟಿತು. ಅವರು ಯಾರನ್ನೂ ದೂಷಿಸುತ್ತಾ ಕೂರಲಿಲ್ಲ. ಬಾಸೆಲ್‌ಗೆ ಹೋಗಿ ಓದಿ ಬೋಧಕರಾಗಿ ಮರಳಿದರು. ಊರವರು ಅಸ್ಪೃಶ್ಯರೆಂದು ದೂರವಿಟ್ಟಿದ್ದ ವಿಶ್ವಾಸಿಗಳಿಗೆ ಕೊಡಗಿನ ಆನಂದಪುರದಲ್ಲಿ ನೆಲೆ ಕಟ್ಟಿಕೊಡುವ ಕೆಲಸದಲ್ಲಿ ಜರ್ಮನ್ ಮಿಷನರಿ ಹರ್ಮನ್ ಮೊಗ್ಲಿಂಗ್ ಅವರ ಜೊತೆ ನಿಂತರು. ಜಾತಿಯ ಮೇಲ್ಮೆಯನ್ನು ಬಿಟ್ಟುಕೊಡುವುದು ನಮ್ಮ ದೇಶದಲ್ಲಿ ಎಲ್ಲಕ್ಕಿಂತ ಭಾರವಾದ ಶಿಲುಬೆ. ಸಭೆಯೊಳಗೇ ಜಾತಿ ನೋಡಿ ಹೆಣ್ಣು ತರುವ ನಾವು ಅದನ್ನು ಇನ್ನೂ ಮುಟ್ಟಿಲ್ಲ.

ಮಾಡಬೇಕಾದದ್ದು: ಕೆಣಕಬೇಡಿ. ಇತರರ ದೇವರನ್ನು ಹೀಗಳೆದು ಬೈಸಿಕೊಂಡರೆ ಅದು ಕ್ರಿಸ್ತನ ಸಲುವಾಗಿ ಬಂದ ನಿಂದೆಯಲ್ಲ. ಕೇಳಿದವರಿಗೆ ಸಾತ್ವಿಕತೆಯಿಂದ, ಗೌರವದಿಂದ ಉತ್ತರ ಕೊಡಿ ಎಂದು ಪೇತ್ರನ ಪತ್ರಿಕೆ ಹೇಳುತ್ತದೆ. ಮಾತಿನ ಅವಮಾನವನ್ನು ನುಂಗಿಕೊಳ್ಳಿ, ಬೈದವರ ಮನೆಯಲ್ಲಿ ಸಾವಾದರೆ ಮೊದಲು ಹೋಗಿ ನಿಲ್ಲಿ. ಕೈ ಮಾಡಿದರೆ, ಆಸ್ತಿ ಹಾಳುಮಾಡಿದರೆ ಪೊಲೀಸರಿಗೆ ಲಿಖಿತ ದೂರು ಕೊಡಿ. ಸಂವಿಧಾನದ 25ನೇ ವಿಧಿ ನಿಮ್ಮ ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನು ಕಾಯುತ್ತದೆ. ವಿಚಾರಣೆಯಿಲ್ಲದೆ ಹೊಡೆಸಿ ಸೆರೆಗೆ ಹಾಕಿದ ಫಿಲಿಪ್ಪಿಯ ಅಧಿಕಾರಿಗಳು ಗುಟ್ಟಾಗಿ ಬಿಡಲು ನೋಡಿದಾಗ ‘ಅವರೇ ಬಂದು ನಮ್ಮನ್ನು ಹೊರಗೆ ಕರೆದುಕೊಂಡು ಹೋಗಲಿ’ ಎಂದು ಪೌಲನು ಸೆರೆಮನೆಯಲ್ಲೇ ಕುಳಿತನು. ದೂರು ಕೊಡಿ, ದ್ವೇಷ ಇಟ್ಟುಕೊಳ್ಳಬೇಡಿ.

ಸೋತಾಗ

ಎಲ್ಲರೂ ಸೋಲುತ್ತಾರೆ. ನಾಲ್ಕನೆಯ ತಿಂಗಳೋ ಐದನೆಯ ತಿಂಗಳೋ ಒಂದು ಶುಕ್ರವಾರ ನಾನು ಮಾಸ್ತರರ ಮನೆಯ ಬಾಗಿಲಲ್ಲಿ ನಿಂತು, ಇವರು ಬೇಗ ತೀರಿಕೊಳ್ಳಬಾರದೇ ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಅದನ್ನು ಇಲ್ಲಿ ಬರೆಯುತ್ತಿರುವುದು, ನಿಮಗೂ ಅಂಥ ಯೋಚನೆ ಬಂದರೆ ನೀವು ಒಬ್ಬರೇ ಅಲ್ಲ ಎಂದು ತಿಳಿಯಲಿ ಎಂದು. ಸಭಾಪಾಲಕರಿಗೆ ಹೇಳಿದೆ. ಅವರು ಬೈಯಲಿಲ್ಲ, ಮೂರು ವಾರ ಬೇರೆಯವರನ್ನು ಕಳುಹಿಸಿದರು.

ಪ್ರವಾದಿ ಎಲೀಯನು ಜಾಲೀಗಿಡದ ಕೆಳಗೆ ಕುಳಿತು ‘ಸಾಕು, ನನ್ನ ಪ್ರಾಣ ತೆಗೆ’ ಎಂದಾಗ ದೂತನು ಅವನಿಗೆ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟನು, ಮಲಗಲು ಬಿಟ್ಟನು, ಮತ್ತೆ ಎಬ್ಬಿಸಿ ಊಟ ಕೊಟ್ಟನು. ಗೆತ್ಸೇಮನೆ ತೋಟದಲ್ಲಿ ಸ್ವತಃ ಯೇಸುವೇ, ಈ ಸಂಕಟದ ಪಾತ್ರೆ ತೊಲಗಲಿ ಎಂದು ಮೂರು ಸಲ ಬೇಡಿದನು, ಜೊತೆಗೆ ಎಚ್ಚರವಾಗಿರಿ ಎಂದು ಶಿಷ್ಯರನ್ನೂ ಕೇಳಿಕೊಂಡನು. ಸಾಕಾಯಿತು ಎಂದು ದೇವರಿಗೆ ಹೇಳುವುದು ಅವಿಶ್ವಾಸವಲ್ಲ. ನೆರವು ಕೇಳುವುದು ಸೋಲಲ್ಲ.

ಕೆಲವು ಗುರುತುಗಳು ಕಂಡರೆ ಹೊರೆಯನ್ನು ಕೆಲದಿನ ಇಳಿಸಿ: ಮಾಡಿದ್ದನ್ನು ಎಣಿಸಿ ಇಟ್ಟುಕೊಳ್ಳಲು ಆರಂಭಿಸಿದ್ದೀರಿ; ಮಾಡದವರನ್ನು ಕಂಡರೆ ಸಿಟ್ಟು ಬರುತ್ತದೆ; ನಿದ್ದೆ ಹೋಗಿದೆ; ಸ್ವಂತ ಮಕ್ಕಳ ಜೊತೆ ಮಾತನಾಡಿ ವಾರವಾಗಿದೆ. ಇಳಿಸುವಾಗ ನಿಮ್ಮನ್ನು ನೆಚ್ಚಿಕೊಂಡವರಿಗೆ ಮುಂಚಿತವಾಗಿ ತಿಳಿಸಿ, ಬದಲಿ ಜನರನ್ನು ಹೊಂದಿಸಿ. ಮತ್ತೆ ಎತ್ತಿಕೊಳ್ಳುವಾಗ ಹಿಂದಿನಷ್ಟನ್ನೇ ಎತ್ತಬೇಕೆಂಬ ಹಟ ಬೇಡ. ನಾನು ಎರಡು ರಾತ್ರಿಯ ಬದಲು ಒಂದಕ್ಕೆ ಮರಳಿದೆ, ಅದನ್ನು ಕೊನೆಯವರೆಗೆ ಬಿಡಲಿಲ್ಲ.

ಲೆಂಟ್‌ನ ನಲವತ್ತು ದಿನಗಳಲ್ಲಿ ಭಾನುವಾರಗಳನ್ನು ಎಣಿಸುವುದಿಲ್ಲ. ಅವು ಪುನರುತ್ಥಾನದ ದಿನಗಳು. ಆ ದಿನ ಉಪವಾಸ ಬೇಡ, ಮನೆಯವರ ಜೊತೆ ಹೊಟ್ಟೆ ತುಂಬ ಉಣ್ಣಿ. ಈಸ್ಟರ್‌ಗೆ ಮುಂಚಿನ ಶನಿವಾರ ಅಕ್ಕಿಯ ಡಬ್ಬಿಯನ್ನು ತಲುಪಬೇಕಾದ ಮನೆಗೆ ತಲುಪಿಸಿ, ತೊಳೆದು, ಬಿಸಿಲಿಗೆ ಒಣಗಲು ಇಡಿ. ಒಳಗೆ ಎತ್ತಿಡಬೇಡಿ. ಸೋಮವಾರ ಬೆಳಿಗ್ಗೆ ಅಕ್ಕಿ ಅಳೆಯುವಾಗ ಅದು ಮತ್ತೆ ಬೇಕಾಗುತ್ತದೆ.